ಮಣ್ಣಿನ ಗೋಡೆ ಉಳಿಯಿತು, ಮಂದಿ ಉಳಿದಾರೆಯೇ?

ಹಂಗೇರಿಯ ಈಶಾನ್ಯ ಮೂಲೆಯಲ್ಲಿ, ಉಕ್ರೇನ್ ಗಡಿಯ ಸಮೀಪ, ತಾಕೋಶ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಬಡ ರೈತರು 1766ರಲ್ಲಿ ಕಟ್ಟಿಕೊಂಡ ರಿಫಾರ್ಮ್ಡ್ ಚರ್ಚಿನ ಗೋಡೆಗೆ ಕಲ್ಲು, ಇಟ್ಟಿಗೆ ಬಳಸಿಲ್ಲ. ತಡಿಕೆ ಹೆಣೆದು ಮಣ್ಣು ಮೆತ್ತಿದ್ದಾರೆ. ನೆಲವೂ ಮಣ್ಣಿನದೇ. ಪ್ಯಾರಿಸ್‌ನ ಮಹಾ ಚರ್ಚನ್ನು ನೆನೆದು ಜನ ಇದನ್ನು 'ಬರಿಗಾಲಿನ ನೋತ್ರ್ ದಾಮ್' ಎನ್ನುತ್ತಾರೆ.

ಕ್ಯಾಲ್ವಿನ್ ಅನುಯಾಯಿಗಳಾದ ಈ ಪಂಥದವರು ಚರ್ಚಿನೊಳಗೆ ವಿಗ್ರಹ, ಸಂತರ ಚಿತ್ರ ಇಡುವುದಿಲ್ಲ. ಆದರೆ ತಲೆಯೆತ್ತಿ ನೋಡಿದರೆ ಮರದ ಮುಚ್ಚಿಗೆಯ ಚೌಕಗಳ ತುಂಬ ಬಣ್ಣದ ಹೂಬಳ್ಳಿ! ಗಂಟೆಗೆ ಪಕ್ಕದಲ್ಲೇ ಮರದ ಪ್ರತ್ಯೇಕ ಗೋಪುರ. ಆಗ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ದೊರೆಗಳು ಕ್ಯಾಥೊಲಿಕರು; ಪ್ರಾಟೆಸ್ಟಂಟರ ಆರಾಧನೆಗೆ ಹಲವು ನಿರ್ಬಂಧಗಳಿದ್ದವು. ಅವು ಸಡಿಲಗೊಂಡದ್ದು 1781ರಲ್ಲಿ.

ಮುಂದೆ 1920ರ ಟ್ರಿಯನಾನ್ ಒಪ್ಪಂದ ಈ ಬೆರೆಗ್ ಜಿಲ್ಲೆಯನ್ನೇ ಸೀಳಿತು. ಜಿಲ್ಲೆಯ ಬಹುಭಾಗ ಈಗ ಉಕ್ರೇನ್‌ನಲ್ಲಿದೆ. ಅಲ್ಲಿನ ರಿಫಾರ್ಮ್ಡ್ ಚರ್ಚುಗಳಲ್ಲಿ ಪ್ರಾರ್ಥನೆ ಇಂದಿಗೂ ಹಂಗೇರಿಯನ್ ಭಾಷೆಯಲ್ಲೇ. ಉಕ್ರೇನ್‌ನ 2017ರ ಶಿಕ್ಷಣ ಕಾಯ್ದೆ ಶಾಲೆಗಳಲ್ಲಿ ಆ ಭಾಷೆಯ ಜಾಗ ಕುಗ್ಗಿಸಿತು. 2023ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂತು. ಆದರೆ 2022ರಲ್ಲಿ ಯುದ್ಧ ಶುರುವಾದ ಮೇಲೆ ಅನೇಕ ಕುಟುಂಬಗಳು ಊರು ಬಿಟ್ಟಿವೆ.

1956ರ ಗೆರೆ ಕಂಡ ಕಾಸರಗೋಡಿನಂಥ ಗಡಿನಾಡಿಗೆ ಇದು ಹೊಸ ಕತೆಯಲ್ಲ. ಕಾಯ್ದೆ ತಿದ್ದಬಹುದು, ಕಟ್ಟಡವನ್ನು ದುರಸ್ತಿ ಮಾಡಿ ಉಳಿಸಬಹುದು. ಆದರೆ ಒಳಗೆ ಕೂತು ತಮ್ಮ ಮಾತಿನಲ್ಲಿ ಹಾಡುವ ಮಂದಿ ಊರಲ್ಲೇ ಬದುಕು ಕಂಡರಷ್ಟೇ ಭಾಷೆ ಉಳಿದೀತು. ಕೆಲಸವಿಲ್ಲದ ಊರಲ್ಲಿ ಚರ್ಚೂ ಅಷ್ಟೇ, ಕನ್ನಡ ಶಾಲೆಯೂ ಅಷ್ಟೇ: ಗೋಡೆ ನಿಂತಿರುತ್ತದೆ, ದನಿ ಇರುವುದಿಲ್ಲ.