ಗಾಳಕ್ಕೆ ಎರೆ ಯಾವುದು?

ರೈತನ ಮಿತ್ರನೆಂದು ಪಾಠಪುಸ್ತಕಗಳು ಹೊಗಳುವ ಎರೆಹುಳುವಿಗೆ ಆ ಹೆಸರು ಬಂದುದು ಹೊಲದಿಂದಲ್ಲ, ಹೊಳೆಯಿಂದ ಎಂದು ನಮ್ಮ ಭಾಷೆಯೇ ಸೂಚಿಸುತ್ತದೆ. ಎರೆ ಎಂದರೆ ಪ್ರಾಣಿಯ ಆಹಾರ. ಗಾಳದ ತುದಿಗೆ ಸಿಕ್ಕಿಸುವ ತಿಂಡಿ. ತಮಿಳಿನ ‘ಇರೈ’ ಅದರ ಒಡಹುಟ್ಟು. ಆ ಹುಳು ಮಣ್ಣನ್ನು ಫಲವತ್ತಾಗಿ ಮಾಡುತ್ತದೆಂಬ ಸಂಗತಿಯನ್ನು ವಿಜ್ಞಾನಿಗಳು ವಿವರಿಸುವುದಕ್ಕೆ ಎಷ್ಟೋ ಕಾಲ ಮೊದಲೇ, ಅದನ್ನು ಕಂಡರೆ ಮೀನು ಬಾಯಿ ತೆರೆಯುತ್ತದೆಂಬ ಸಂಗತಿ ನಮ್ಮ ಹಿರಿಯರಿಗೆ ತಿಳಿದಿದ್ದಿತು.

ಭಾನುವಾರ ಮಕ್ಕಳು ಮರಿಗಳೊಡನೆ ಶ್ರೀರಂಗಪಟ್ಟಣಕ್ಕೆ ಹೋಗುವ ಸಂಸಾರವಂದಿಗರು ಸಂಗಮದ ಬಳಿಯಲ್ಲೋ ಹಳೆಯ ವೆಲ್ಲೆಸ್ಲಿ ಸೇತುವೆಯ ಆಸುಪಾಸಿನಲ್ಲೋ ಗಾಳ ಹಿಡಿದು ಕುಳಿತವರನ್ನು ಕಂಡಿರಬಹುದು. “ಪಾಪ, ಮಾಡಲು ಕೆಲಸವಿಲ್ಲ” ಎಂದು ಮನೆಯಾಕೆ ಹೇಳುತ್ತಾರೆ. ಮನೆಯ ಯಜಮಾನರು, ತಮಗೂ ಅಂಥ ಒಂದು ದಿನ ದೊರೆಯಬಾರದೆ ಎಂದು ಒಳಗೊಳಗೇ ಅಂದುಕೊಳ್ಳುತ್ತಾರೆ. ಇಬ್ಬರ ಎಣಿಕೆಯೂ ಸರಿಯಲ್ಲ. ಹಾಗೆ ಕುಳಿತವನ ಕೆಲಸ ಬಹುಮಟ್ಟಿಗೆ ಮುಗಿದುಹೋಗಿರುತ್ತದೆ. ಯಾವ ಮೀನಿಗೆ, ಯಾವ ನೀರಿನಲ್ಲಿ, ಯಾವ ಹೊತ್ತಿನಲ್ಲಿ, ಯಾವ ಎರೆ ಎಂಬ ಪ್ರಶ್ನೆಗೆ ಅವನು ಬೆಳಗಿನಲ್ಲಿಯೇ ಉತ್ತರ ಹುಡುಕಿದ್ದಾನೆ. ಉತ್ತರ ತಪ್ಪಿದ್ದರೆ ಸಂಜೆಯ ತನಕ ಕುಳಿತರೂ ಫಲವಿಲ್ಲ. ಗಾಳಗಾರನ ತಾಳ್ಮೆಯನ್ನು ಲೋಕವೆಲ್ಲ ಹೊಗಳುತ್ತದೆ. ಹೊಗಳಬೇಕಾದುದು ಅವನ ತಿಳಿವಳಿಕೆಯನ್ನು.

ಈ ವಿದ್ಯೆಯಲ್ಲಿ ಒಂದು ವಿನೋದವುಂಟು. ಎಷ್ಟೋ ವೇಳೆ ಎರೆಯನ್ನು ಹಿಡಿಯುವುದಕ್ಕೇ ಇನ್ನೊಂದು ಎರೆ ಬೇಕಾಗುತ್ತದೆ. ನಮ್ಮ ಕರಾವಳಿಯ ಬೊಂಡಾಸನ್ನು ನೋಡಿ. ಎಂಟು ತೋಳು, ಎರಡು ಉದ್ದನೆಯ ಬಳ್ಳಿಗೈಗಳುಳ್ಳ ಈ ಮೃದ್ವಂಗಿಯ ಮಾಂಸ ಗಟ್ಟಿ. ಗಾಳಕ್ಕೆ ಚುಚ್ಚಿದರೆ ಅಲೆಯ ಹೊಡೆತಕ್ಕೂ ಬೇಗ ಕಳಚಿಕೊಳ್ಳುವುದಿಲ್ಲ. ಆದುದರಿಂದ ದೊಡ್ಡ ಮೀನಿಗೆ ಅದು ಒಳ್ಳೆಯ ಎರೆ. ಆದರೆ ಆ ಬೊಂಡಾಸನ್ನು ಹಿಡಿಯುವುದೆಂತು? ಜಪಾನಿನವರು ಅದಕ್ಕಾಗಿ ಸಿಗಡಿಯ ಆಕಾರದ ಒಂದು ಗೊಂಬೆಯನ್ನು ಮಾಡಿದರು. ಅದರ ಹೆಸರು ಎಗಿ. ಬಾಲದ ಕಡೆ ಕಿರೀಟದಂತೆ ಮೇಲ್ಮುಖವಾದ ಸೂಜಿಗಳಿರುತ್ತವೆ. ಸಾಮಾನ್ಯ ಗಾಳಕ್ಕಿರುವ ಹಿಮ್ಮುಖದ ಮುಳ್ಳು ಇವಕ್ಕಿಲ್ಲ. ಬೊಂಡಾಸು ಬಾಯಿಂದ ಕಚ್ಚುವುದಕ್ಕೆ ಮೊದಲು ಕೈಯಿಂದ ಅಪ್ಪಿಕೊಳ್ಳುತ್ತದೆ. ಅಪ್ಪಿಕೊಂಡ ಕೈಗಳೇ ಸೂಜಿಗೆ ಸಿಕ್ಕುತ್ತವೆ. ಮುಳ್ಳಿಲ್ಲದ ಕಾರಣ ದಾರವನ್ನು ಒಂದು ನಿಮಿಷ ಸಡಿಲಬಿಟ್ಟರೂ ಅದು ಪಾರಾಗಿಬಿಡುತ್ತದೆ. ಇನ್ನೊಂದು ಮಾತು: ಈ ಜಾತಿಯ ಪ್ರಾಣಿಗಳಲ್ಲಿ ಬಹುಪಾಲಿಗೆ ಬಣ್ಣಗಳ ಭೇದ ಕಾಣಿಸದು. ಅಂಗಡಿಯಲ್ಲಿ ಕೆಂಪು, ಹಸಿರು, ಗುಲಾಬಿ ಎಂದು ಸಾಲಾಗಿ ಜೋಡಿಸಿಟ್ಟ ಗೊಂಬೆಗಳ ಚೆಲುವಿಗೆ ಮೊದಲು ಸಿಕ್ಕಿಬೀಳುವವನು ಕೊಳ್ಳುವ ಮನುಷ್ಯನೇ. ಬೊಂಡಾಸಿಗೆ ಬೇಕಾದುದು ನೀರಿನ ಹಿನ್ನೆಲೆಯಲ್ಲಿ ಎದ್ದು ಕಾಣುವ ಬೆಳಕು ನೆರಳಿನ ವ್ಯತ್ಯಾಸ, ತಕ್ಕ ಗಾತ್ರ, ಮತ್ತು ಜೀವವಿದ್ದಂತೆ ತೋರುವ ಚಲನೆ.

ಸಮುದ್ರದ ಈ ಸೂತ್ರವೇ ನಮ್ಮ ಮಂಡ್ಯದ ಸೀಮೆಗೂ ಸಲ್ಲುತ್ತದೆ. ಎರೆಹುಳುವಿನಿಂದ ಸಸಲು ಮೀನು. ಸಸಲಿನಿಂದ ಬಾಳೆ ಮೀನು. ಕೃಷ್ಣರಾಜಪೇಟೆಯ ಕಡೆ ಹೇಮಾವತಿಯ ಮಡುಗಳಿರಲಿ, ಪಾಂಡವಪುರದ ತೊಣ್ಣೂರು ಕೆರೆಯಿರಲಿ, ನಾಗಮಂಗಲದ ಮಳೆ ನಂಬಿದ ಕೆರೆಗಳಿರಲಿ, ನೀರು ಬೇರೆಯಾದಂತೆ ಎರೆಯೂ ಬೇರೆ. ಕಾಟ್ಲಾ ಮೀನು ನೀರಿನ ಮೇಲ್ಭಾಗದಲ್ಲಿ ಉಣ್ಣುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ತವುಡು, ಕಡಲೆಕಾಯಿ ಹಿಂಡಿಗಳ ಉಂಡೆ ಒಂದೇ ಆದರೂ ಅದು ಎಷ್ಟು ಆಳದಲ್ಲಿ ನಿಲ್ಲಬೇಕೆಂಬುದು ಬೇರೆ ಬೇರೆ. ಮೀಸೆಯುಳ್ಳ ಬಾಳೆ ಮೀನು ಇರುಳಿನ ಬೇಟೆಗಾರ. ಅದಕ್ಕೆ ಹಿಂಡಿಯ ಉಂಡೆ ತೋರಿಸುವುದು ಹುಲಿಗೆ ಹುಲ್ಲು ಹಾಕಿದಂತೆ.

ಇನ್ನು ನಮ್ಮ ನಾಡಿನ ಹೆಮ್ಮೆಯ ಎರೆಯೆಂದರೆ ರಾಗಿ. ಕಾವೇರಿಯ ಬಿಳಿಮೀನನ್ನು, ಎಂದರೆ ಮಹಸೀರನ್ನು, ಹಿಡಿಯಲು ದೇಶವಿದೇಶದ ದೊರೆಗಳು ಹೊಳೆಯುವ ಲೋಹದ ಚಮಚಗಳನ್ನು ತಂದರು. ಆದರೆ ಹೊಳೆಯ ದಂಡೆಯ ಜನ ರಾಗಿಹಿಟ್ಟನ್ನು ಕಲಸಿ ಬೇಯಿಸಿ ಉಂಡೆ ಕಟ್ಟಿದರು. ಉಂಡೆ ಮೆತ್ತಗಾದರೆ ಸಣ್ಣ ಮೀನುಗಳು ಕಚ್ಚಿ ಕಚ್ಚಿ ಬರಿದುಮಾಡುತ್ತವೆ, ಇಲ್ಲವೇ ಸೆಳವು ಅದನ್ನು ಕರಗಿಸಿಬಿಡುತ್ತದೆ; ತೀರ ಗಟ್ಟಿಯಾದರೆ ಗಾಳದ ಮೊನೆ ಹೊರಬರದು. ಮನೆಯಲ್ಲಿ ಮುದ್ದೆ ತಿರುವುವ ಹದವೇ ಇಲ್ಲಿಯೂ ಬೇಕು. ಬಿಳಿಮೀನಿನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಏಡಿಯನ್ನೂ ಬಸವನಹುಳುವನ್ನೂ ಅಲ್ಲಿ ಪುಡಿಮಾಡುತ್ತದೆ. ಆದುದರಿಂದ ಏಡಿಯೂ ಅದಕ್ಕೆ ಪ್ರಿಯವಾದ ಎರೆ, ಮತ್ತು ಅದರ ಗಂಟಲಿಗೆ ಸಿಕ್ಕಿದ ದುರ್ಬಲವಾದ ಗಾಳ ಚಪ್ಪಟೆಯಾಗುವುದೂ ಉಂಟು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು 1873ರಲ್ಲಿ ಹಿಂದೂಸ್ಥಾನದ ಗಾಳಗಾರಿಕೆಯ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದರು. ಅದರಲ್ಲಿ ಮಹಸೀರಿಗೆ ಹಿರಿಯ ಸ್ಥಾನ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಾವೇರಿಯ ಉಪನದಿಯಾದ ಕಪಿಲೆಯಲ್ಲಿ ಹಿಡಿದ ಮಹಸೀರು 120 ಪೌಂಡು ತೂಗಿತು. ಅಂದರೆ ಸುಮಾರು 54 ಕಿಲೋಗ್ರಾಂ. ಒಬ್ಬ ಮನುಷ್ಯನ ತೂಕ!

ಇದು ಗೋರೆಯವರು ಕಲಿಸಿದ ವಿದ್ಯೆಯೆಂದು ಯಾರೂ ಭ್ರಮಿಸಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಕಡಲಿನ ಮೀನು, ಹೊಳೆಯ ಮೀನು, ಅವುಗಳ ಜಾತಿ, ಅವುಗಳಿಗೆ ಹಾಕುವ ಆಹಾರ, ಗಾಳ, ದಾರ, ಕೋಲು, ಇವೆಲ್ಲವನ್ನೂ ರಾಜನು ಶಾಸ್ತ್ರದ ಗಾಂಭೀರ್ಯದಿಂದ ವಿವರಿಸಿದ್ದಾನೆ. ಮೀನು ಹಿಡಿಯುವುದು ವಿನೋದವೆಂದು ಅವನು ಕರೆದ. ಆದರೆ ಮೀನನ್ನು ತಿಳಿಯುವುದನ್ನು ವಿನೋದಕ್ಕೆ ಬಿಡಲಿಲ್ಲ.

ಇಷ್ಟೆಲ್ಲವನ್ನೂ ಹೇಳಿದ ಮೇಲೆ ಮುಖ್ಯ ಪ್ರಶ್ನೆಗೆ ಬರೋಣ. ಎರೆಗಳಲ್ಲಿ ಎರಡು ಬಗೆ. ಒಂದು ಹಸಿವಿಗೆ ಒಡ್ಡುವ ಎರೆ. ಹುಳು, ಹಿಂಡಿ, ರಾಗಿ, ಗೊಂಬೆಯ ಸಿಗಡಿ ಎಲ್ಲವೂ ಈ ಗುಂಪಿಗೆ ಸೇರಿದವು. ಗೊಂಬೆ ಮೋಸವೇ ಸರಿ. ಆದರೂ ಅದು ಮಾಡುವ ಮೋಸ ಹೊಟ್ಟೆಗೆ. ಇನ್ನೊಂದು ಬಗೆ ವಾತ್ಸಲ್ಯಕ್ಕೆ ಒಡ್ಡುವ ಎರೆ. ಅದರ ವಿಷಯದಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು.

ನಾಗಮಂಗಲದ ಕಡೆಯ ಕೆರೆಗಳಲ್ಲಿ ಮುಂಗಾರಿನ ತರುವಾಯ ನೀರಿನ ಮೇಲೆ ಅಲ್ಲಲ್ಲಿ ಕೆಂಪು ಛಾಯೆಯ ಒಂದು ಗುಂಪು ಕುದಿಯುವಂತೆ ಏಳುವುದೂ ಮುಳುಗುವುದೂ ಕಾಣುತ್ತದೆ. ಅದು ಕೊರವ ಮೀನಿನ ಮರಿಗಳ ದಂಡು. ಗಾಳಿಯನ್ನು ಕುಡಿಯಲು ಮರಿಗಳು ಮೇಲೆ ಬರುತ್ತವೆ. ಕೆಳಗೆ ತಂದೆತಾಯಿಗಳ ಕಾವಲು. ಇದನ್ನು ಬಲ್ಲ ಗಾಳಗಾರ ಆ ದಂಡಿನ ನಡುವೆಯೇ ಕಪ್ಪೆಯನ್ನೋ ರಬ್ಬರಿನ ಕಪ್ಪೆಯನ್ನೋ ಎಸೆಯುತ್ತಾನೆ. ಕಾವಲಿನ ಮೀನು ನುಗ್ಗಿ ಬಂದು ಕಚ್ಚುತ್ತದೆ. ಅದಕ್ಕೆ ಹಸಿವಿಲ್ಲ, ಮಕ್ಕಳ ಬಳಿ ಬಂದ ವೈರಿಯನ್ನು ಓಡಿಸಬೇಕೆಂಬ ಛಲ ಮಾತ್ರ. ಇಂಥ ಗಾಳ ಬಹುಶಃ ಎಂದೂ ಹುಸಿಯಾಗುವುದಿಲ್ಲ, ಏಕೆಂದರೆ ಹೊಟ್ಟೆ ತುಂಬಿದ ಮೀನು ಎರೆಯನ್ನು ಬಿಟ್ಟೀತು, ಮರಿಯನ್ನು ಬಿಡದು. ಒಂದು ಮೀನು ಬುಟ್ಟಿಗೆ ಬರುತ್ತದೆ. ಕಾವಲು ತಪ್ಪಿದ ನೂರಾರು ಮರಿಗಳು ಕಂಡಕಂಡವರ ಬಾಯಿಗೆ ಹೋಗುತ್ತವೆ. ಮರುವರ್ಷ “ಕೆರೆಯಲ್ಲಿ ಕೊರವವೇ ಇಲ್ಲ” ಎಂದು ಅದೇ ಗಾಳಗಾರ ಮಳೆಯನ್ನು ಬಯ್ಯುತ್ತಾನೆ.

ಕಡಲಿನಲ್ಲಿಯೂ ಇದೇ ಕಥೆ ನಡೆದಿದೆ. ಬೊಂಡಾಸಿನ ಬಳಗದ ಕಪ್ಪೆ ಬೊಂಡಾಸು ಮೊಟ್ಟೆಗಳನ್ನು ಗೊಂಚಲುಗೊಂಚಲಾಗಿ ಯಾವುದಾದರೂ ಆಸರೆಗೆ ಅಂಟಿಸುತ್ತದೆ. ಈ ಶತಮಾನದ ಆರಂಭದ ದಶಕಗಳಲ್ಲಿ ಕರ್ನಾಟಕದ ಕಡಲಿನಲ್ಲಿ ಕೆಲವರು ತೆಂಗಿನ ಹೊಂಬಾಳೆಗಳನ್ನು ಕಟ್ಟಿ ನೀರಿನಲ್ಲಿ ಇಳಿಬಿಡತೊಡಗಿದರು. ಮೊಟ್ಟೆಯಿಡಲು ತಾವು ಅರಸಿ ಬಂದ ತಾಯಿಗಳು ಅಲ್ಲಿ ನೆರೆದುವು. ಗಾಳಗಳು ಅಲ್ಲಿಯೇ ಕಾದಿದ್ದುವು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಪದ್ಧತಿಯನ್ನು ಅಭ್ಯಸಿಸಿ ಅದರ ಅಪಾಯವನ್ನು ತೋರಿಸಿಕೊಟ್ಟಿದ್ದಾರೆ. ಮದುವೆ ಚಪ್ಪರಕ್ಕೆ ಸಲ್ಲುವ ಹೊಂಬಾಳೆ ಹೀಗೆ ಹೆರಿಗೆಯ ಮನೆಯನ್ನು ಬಲೆಯನ್ನಾಗಿ ಮಾಡಿತು.

ಹಸಿವಿನ ಎರೆಯಲ್ಲಿ ಪ್ರಕೃತಿಯೇ ಇಟ್ಟಿರುವ ಒಂದು ಕರುಣೆಯುಂಟು. ನಮ್ಮ ಕೆರೆಗಳಲ್ಲೆಲ್ಲ ಈಗ ತುಂಬಿರುವ, ‘ಜಿಲೇಬಿ’ ಎಂದು ಜನ ಕರೆಯುವ ತಿಲಾಪಿಯವನ್ನೇ ನೋಡಿ. 1952ರಲ್ಲಿ ನಮ್ಮ ದೇಶಕ್ಕೆ ಬಂದ ಈ ಆಫ್ರಿಕದ ಮೀನಿನ ತಾಯಿ ಮೊಟ್ಟೆಗಳನ್ನು ಬಾಯಿಯಲ್ಲಿಟ್ಟುಕೊಂಡು ಕಾಪಾಡುತ್ತದೆ. ಅಷ್ಟು ದಿನ ಅದಕ್ಕೆ ಬಹುಮಟ್ಟಿಗೆ ಉಪವಾಸ. ಬಾಯಿತುಂಬ ಮಕ್ಕಳಿರುವಾಗ ಎರೆಹುಳುವಿನ ಆಸೆ ಅದಕ್ಕಿಲ್ಲ; ಆದುದರಿಂದ ಅದು ಗಾಳಕ್ಕೆ ಬೀಳುವುದೂ ಅಪರೂಪ. ಹಸಿವಿನ ಗಾಳ ತಾಯಿಯನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ವಾತ್ಸಲ್ಯದ ಗಾಳ ಹುಡುಕಿ ಹುಡುಕಿ ತಾಯಿಯನ್ನೇ ಹಿಡಿಯುತ್ತದೆ. ಇದಕ್ಕಿಂತ ದೊಡ್ಡ ಅಂತರ ಎರಡು ಎರೆಗಳ ನಡುವೆ ಇರಲಾರದು.

ಇದು ಕೇವಲ ಧರ್ಮಸೂಕ್ಷ್ಮದ ಮಾತೆಂದು ತಳ್ಳಿಹಾಕುವವರು ಕಾವೇರಿಯನ್ನು ನೆನೆಯಬೇಕು. 120 ಪೌಂಡು ತೂಗುತ್ತಿದ್ದ ಆ ಗೂನುಬೆನ್ನಿನ ಮಹಸೀರು ಜಗತ್ತಿನಲ್ಲಿ ಕಾವೇರಿಯ ಜಲಾನಯನದಲ್ಲಿ ಮಾತ್ರ ಇರುವ ಮೀನು. ಅದಕ್ಕೆ ಸರಿಯಾದ ಶಾಸ್ತ್ರೀಯ ನಾಮಧೇಯ ನಿಶ್ಚಿತವಾದುದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೂ ಸೇರಿತು. ನಾಮಕರಣವೂ ಆಪತ್ತಿನ ಎಚ್ಚರಿಕೆಯೂ ಒಂದೇ ವರ್ಷದಲ್ಲಿ ನಡೆದ ದುರ್ದೈವಿ ಅದು. ಅಣೆಕಟ್ಟುಗಳು, ಮರಳು ಬಗೆಯುವುದು, ಸಿಡಿಮದ್ದು ಎಸೆದು ಮೀನು ಹಿಡಿಯುವುದು, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಸೀರು, ಹೀಗೆ ಕಾರಣಗಳು ಅನೇಕ. ರಾಗಿಯ ಉಂಡೆ ಅದನ್ನು ಅಳಿಸಲಿಲ್ಲ. ಸಿಡಿಮದ್ದಿಗೆ ಎರೆಯ ಆಯ್ಕೆಯೇ ಇಲ್ಲ. ತಾಯಿ, ಮರಿ, ಬೇಕಾದುದು, ಬೇಡವಾದುದು ಎಲ್ಲವೂ ಒಂದೇ ಸಲಕ್ಕೆ ತೇಲುತ್ತವೆ. ಎರೆಯನ್ನು ಆರಿಸಿಕೊಳ್ಳುವವನು ಮೀನನ್ನೂ ಆರಿಸಿಕೊಳ್ಳುತ್ತಾನೆ, ಉಳಿದುದನ್ನು ಹೊಳೆಗೆ ಬಿಡುತ್ತಾನೆ. ಆಯ್ಕೆಯೆಂಬುದು ಹೋದರೆ ಹೊಳೆಯೂ ಹೋಗುತ್ತದೆ.

ಆದುದರಿಂದ ಮಕ್ಕಳ ಕೈಗೆ ಮೊದಲ ಗಾಳವನ್ನು ಕೊಡುವ ತಂದೆಯರಲ್ಲಿ ನನ್ನ ಬಿನ್ನಹ ಇಷ್ಟು. ಎರೆಹುಳುವಿನಿಂದ ಮೊದಲುಮಾಡಿಸಿ. ಜೀವಂತ ಕಪ್ಪೆ ಬೇಡ. ಗದ್ದೆಯ ಕೀಟಗಳನ್ನು ತಿಂದು ಅದು ಮಾಡುವ ಉಪಕಾರ ದೊಡ್ಡದು, ಮತ್ತು ನಮ್ಮ ದೊಡ್ಡ ಗದ್ದೆಗಪ್ಪೆಗೆ ವನ್ಯಜೀವಿ ಕಾನೂನಿನ ರಕ್ಷಣೆಯೂ ಉಂಟು. ಮುಂಗಾರಿನ ತಿಂಗಳುಗಳಲ್ಲಿ ಕೆಂಪು ಮರಿಗಳ ದಂಡನ್ನು ಕಂಡರೆ ಗಾಳವನ್ನು ಸುತ್ತಿಟ್ಟು, ಆ ಕಾವಲನ್ನು ಮಕ್ಕಳಿಗೆ ತೋರಿಸಿ. 1940ರಲ್ಲಿ ಪಕ್ಷಿಧಾಮವೆನಿಸಿದ ರಂಗನತಿಟ್ಟಿನ ಎಲ್ಲೆಯೊಳಗೆ ಯಾವ ಗಾಳವೂ ಸಲ್ಲದು. ಅಲ್ಲಿನ ಮೀನು ಕೊಕ್ಕರೆಗಳ ಮರಿಗಳಿಗೆ ಮೀಸಲು.

ಬಿಡುವಾದಾಗ ಕಾವೇರಿಯ ಮೇಲುಹೊಳೆಯಲ್ಲಿರುವ ರಾಮನಾಥಪುರಕ್ಕೂ ಒಮ್ಮೆ ಹೋಗಿಬನ್ನಿ. ದೇವಾಲಯದ ಬಳಿಯ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ. ಯಾತ್ರಿಕರು ಕಡಲೆಪುರಿ ಎರಚಿದರೆ ಮಹಾಗಾತ್ರದ ಮೀನುಗಳು ಮೆಟ್ಟಿಲ ಬುಡಕ್ಕೇ ಬರುತ್ತವೆ. ಗಾಳವಿಲ್ಲದ ಎರೆ ಅದು. ಯಾವ ಮೀನು ಮೇಲೆ ಬರುತ್ತದೆ, ಯಾವುದು ತಳದಲ್ಲೇ ನಿಲ್ಲುತ್ತದೆ, ಯಾವುದು ಮೊದಲು ಮೂಸಿ ಆಮೇಲೆ ಬಾಯಿ ಹಾಕುತ್ತದೆ ಎಂಬುದನ್ನು ಅಲ್ಲಿ ಒಂದು ಗಂಟೆ ನೋಡಿ ಕಲಿತವನು ಮುಂದೆ ಒಳ್ಳೆಯ ಗಾಳಗಾರನಾದಾನು. ಅಥವಾ ಗಾಳವನ್ನೇ ಹಿಡಿಯದೆ, ಮೀನನ್ನು ಬಲ್ಲವನಾಗಿಯೇ ಉಳಿದಾನು. ಎರಡರಲ್ಲಿ ಯಾವುದಾದರೂ ಹೊಳೆಗೆ ನಷ್ಟವಿಲ್ಲ.