ನಂಬಿಕೆ ಸಾಲದಾಯಿತೇ?

ಕುರುಡರಿಗೆ ಕಣ್ಣು ಬರುತ್ತದೆ, ಕುಂಟರು ಎದ್ದು ನಡೆಯುತ್ತಾರೆ, ವೈದ್ಯರು ಕೈಬಿಟ್ಟ ರೋಗಗಳು ಒಂದೇ ಸಂಜೆಯಲ್ಲಿ ಮಾಯವಾಗುತ್ತವೆ ಎಂದು ಸಾರುವ ಸ್ವಸ್ಥತಾ ಕೂಟಗಳ ಭಿತ್ತಿಪತ್ರಗಳನ್ನು ನಮ್ಮ ಪಟ್ಟಣಗಳ ಗೋಡೆಗಳ ಮೇಲೆ ಓದದವರು ವಿರಳ. ಈಗಂತೂ ಗೋಡೆಯ ಹಂಗೂ ಉಳಿದಿಲ್ಲ. ವೇದಿಕೆ, ವಾದ್ಯ, ಜಯಘೋಷ, ಊರುಗೋಲನ್ನು ಎಸೆದು ಓಡುವವರ ದೃಶ್ಯ, ಎಲ್ಲವೂ ಅಂಗೈಯಗಲದ ಫೋನಿನ ಮೂಲಕ ಮನೆಯ ಒಳಕ್ಕೇ ಬಂದಿವೆ.

ನಾನು ಕ್ರೈಸ್ತ ಮನೆತನದಲ್ಲಿ ಹುಟ್ಟಿದವನು. ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವವನು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅವರ ಹಾಸಿಗೆಯ ಬಳಿ ಮೊಣಕಾಲೂರಿ ಪ್ರಾರ್ಥಿಸುವವನು. ಆದುದರಿಂದ ದೇವರು ರೋಗವನ್ನು ಗುಣಪಡಿಸಬಲ್ಲನೇ ಇಲ್ಲವೇ ಎಂಬ ವಾದಕ್ಕೆ ನಾನು ಇಲ್ಲಿ ಇಳಿದಿಲ್ಲ. ನನ್ನ ಪ್ರಶ್ನೆ ಬೇರೆ. ಕೂಟಕ್ಕೆ ಹೋದ ರೋಗಿ ಗುಣವಾಗದೆ ಮನೆಗೆ ಮರಳಿದರೆ ತಪ್ಪು ಯಾರದು? ವೇದಿಕೆಯ ಮೇಲಿನ ಮಹನೀಯರಲ್ಲಿ ಅನೇಕರು ಇದಕ್ಕೆ ಕೊಡುವ ಉತ್ತರ ಮೂರೇ ಮಾತಿನದು: ನಿನ್ನ ನಂಬಿಕೆ ಸಾಲದು. ನನ್ನ ಜಗಳವೆಲ್ಲ ಈ ಮೂರು ಮಾತಿನ ಮೇಲೆ.

ಈ ಉತ್ತರದ ಅನುಕೂಲವನ್ನು ವಾಚಕರು ಸ್ವಲ್ಪ ಯೋಚಿಸಬೇಕು. ಗುಣವಾದರೆ ಕೀರ್ತಿ ಬೋಧಕರಿಗೆ. ಆಗದಿದ್ದರೆ ಅಪರಾಧ ರೋಗಿಗೆ. ನಮ್ಮ ಸಂತೆಯ ದಲ್ಲಾಳಿಗೂ ಇಷ್ಟು ಸುಖದ ಕರಾರು ಸಿಕ್ಕಿರಲಾರದು. ಆಸ್ಪತ್ರೆಯಲ್ಲಿ ಔಷಧ ಕೆಲಸ ಮಾಡದಿದ್ದರೆ ವೈದ್ಯ ಔಷಧವನ್ನು ಬದಲಿಸುತ್ತಾನೆ, ಇಲ್ಲವೇ ತನ್ನ ಕೈಯಲ್ಲಾಗದು ಎಂದು ಒಪ್ಪುತ್ತಾನೆ. ಇಲ್ಲಿ ಮಾತ್ರ ಔಷಧ ಎಂದೂ ಸೋಲುವುದಿಲ್ಲ, ಸೋಲುವವನು ಯಾವಾಗಲೂ ರೋಗಿಯೇ.

ಇದು ಬರಿಯ ತರ್ಕದ ಮಾತಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗಿಗೆ ಕ್ಷಯರೋಗ ತಗಲಿತು. ಸರಕಾರ ಪುಕ್ಕಟೆಯಾಗಿ ಕೊಡುವ ಗುಳಿಗೆಗಳನ್ನು ನುಂಗತೊಡಗಿದಳು. ಸಾಮಾನ್ಯ ಕ್ಷಯಕ್ಕೆ 6 ತಿಂಗಳು ತಪ್ಪದೆ ಗುಳಿಗೆ ನುಂಗಬೇಕು. ಆದರೆ ಮೊದಲ ಒಂದೆರಡು ತಿಂಗಳಲ್ಲಿಯೇ ಜ್ವರ ಇಳಿಯುತ್ತದೆ, ಕೆಮ್ಮು ನಿಲ್ಲುತ್ತದೆ, ಹಸಿವು ಬರುತ್ತದೆ. ರೋಗಾಣುಗಳು ಮಾತ್ರ ಪೂರ್ತಿ ಸತ್ತಿರುವುದಿಲ್ಲ. ಗಟ್ಟಿಯಾದವು ಒಳಗೆ ಅಡಗಿ ಕುಳಿತಿರುತ್ತವೆ. ಸರಿಯಾಗಿ ಈ ಹೊತ್ತಿಗೆ ಅವಳನ್ನು ಒಂದು ಕೂಟಕ್ಕೆ ಕರೆದುಕೊಂಡು ಹೋದರು. ತಲೆಯ ಮೇಲೆ ಕೈಯಿಟ್ಟರು, ಗುಣವಾಯಿತೆಂದು ಸಾರಿದರು, ಸಾವಿರ ಜನರೆದುರು ಅವಳಿಂದ ಸಾಕ್ಷಿ ಹೇಳಿಸಿದರು. ಗುಣವಾದವಳು ಗುಳಿಗೆ ನುಂಗಿದರೆ ದೇವರನ್ನು ಅನುಮಾನಿಸಿದಂತಾಗುತ್ತದೆ ಎಂದು ಮನೆಯವರಿಗೆ ತಿಳಿಸಲಾಯಿತು. ನಾಲ್ಕೈದು ತಿಂಗಳಲ್ಲಿ ರೋಗ ಮರಳಿತು, ಈ ಸಲ ಹಳೆಯ ಗುಳಿಗೆಗಳಿಗೆ ಬಗ್ಗದ ರೋಗವಾಗಿ. ಒಂದೂವರೆ ವರ್ಷ ಬಲವಾದ ಔಷಧಗಳನ್ನು ನುಂಗಿ ಅವಳು ಬದುಕಿದಳು. ಆದರೆ ಹಾಸಿಗೆಯ ಮೇಲೆ ಮಲಗಿದ್ದ ಆ ಹುಡುಗಿ ನನ್ನನ್ನು ಕೇಳಿದ್ದು ಔಷಧದ ವಿಷಯವನ್ನಲ್ಲ. “ಸರ್, ನನ್ನ ನಂಬಿಕೆ ಎಲ್ಲಿ ಕಡಮೆಯಾಯಿತು?” ಎಂದು ಕೇಳಿದಳು. ಶ್ವಾಸಕೋಶದ ಗಾಯ ಮಾಯಿತು. ಈ ಗಾಯ ಮಾಯಿತೋ ಇಲ್ಲವೋ ಹೇಳಲಾರೆ.

ಹಾಗಾದರೆ ಅವಳ ಪ್ರಶ್ನೆಗೆ ಉತ್ತರವನ್ನು ಆ ಬೋಧಕರೇ ಕೈಯಲ್ಲಿ ಹಿಡಿದಿರುವ ಗ್ರಂಥದಲ್ಲಿ ಹುಡುಕೋಣ. ಯೋಬನಿಗೆ ಮೈಯೆಲ್ಲ ಹುಣ್ಣಾದಾಗ ಅವನ ಗೆಳೆಯರು ಬಂದು, ನಿನ್ನಲ್ಲಿ ದೋಷವಿಲ್ಲದೆ ಇದು ಬರಲಾರದು ಎಂದು ಅಧ್ಯಾಯಗಟ್ಟಲೆ ವಾದಿಸಿದರು. ಕಡೆಗೆ ದೇವರು ಕೋಪಿಸಿಕೊಂಡದ್ದು ಯಾರ ಮೇಲೆ? ಆ ಗೆಳೆಯರ ಮೇಲೆ. ಹುಟ್ಟುಗುರುಡನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದರೆ, ಯೇಸು ಇಬ್ಬರೂ ಅಲ್ಲವೆಂದನು. ಪೌಲನಿಗಿಂತ ದೊಡ್ಡ ನಂಬಿಕೆ ತಮ್ಮಲ್ಲಿದೆಯೆಂದು ಹೇಳುವ ಧೈರ್ಯ ಯಾವ ಬೋಧಕರಿಗಿದೆ? ಅವನ ಶರೀರದಲ್ಲಿ ನಾಟಿದ್ದ ಮುಳ್ಳನ್ನು ತೆಗೆಯಬೇಕೆಂದು ಅವನು ಮೂರು ಸಲ ಬೇಡಿದನು; ಮುಳ್ಳು ಹೋಗಲಿಲ್ಲ, ಅದನ್ನು ಸಹಿಸುವ ಕೃಪೆ ಸಿಕ್ಕಿತು. ಪೌಲನ ಹೆಸರಿನಲ್ಲಿರುವ ಪತ್ರಗಳಲ್ಲಿಯೇ, ತಿಮೊಥೆಯನ ಹೊಟ್ಟೆಯ ಬೇನೆಗೆ ಸ್ವಲ್ಪ ದ್ರಾಕ್ಷಾರಸವನ್ನು ತೆಗೆದುಕೊಳ್ಳಬೇಕೆಂಬ ಸಲಹೆಯಿದೆ. ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲಿಯೇ ಬಿಟ್ಟು ಬಂದ ಸುದ್ದಿಯಿದೆ. ಇವರಲ್ಲಿ ಒಬ್ಬನಿಗಾದರೂ ನಂಬಿಕೆ ಸಾಲದೆಂದು ಬರೆದಿಲ್ಲ.

ಕನ್ನಡದ ಮೇಷ್ಟರಾಗಿ ಇನ್ನೊಂದು ಮಾತು ಸೇರಿಸುತ್ತೇನೆ. ನಂಬುವುದೆಂದರೆ ಕನ್ನಡದಲ್ಲಿ ಒಬ್ಬರ ಮೇಲೆ ಭಾರ ಹಾಕುವುದು. ಮಗು ತಾಯಿಯನ್ನು ನಂಬುತ್ತದೆ. ಎಷ್ಟು ಸೇರು ನಂಬಿತು ಎಂದು ಯಾರೂ ಅಳೆಯುವುದಿಲ್ಲ. ಅಳತೆಯ ಮಾತು ಬಂದಾಗಲೂ ಯೇಸು ತೋರಿಸಿದ್ದು ಸಾಸಿವೆಕಾಳನ್ನು. ಸಾಸಿವೆಯಷ್ಟು ಸಾಕೆಂದು ಅವನು ಹೇಳಿದ ಮೇಲೆ, ಸಾಲದು ಎಂದು ತಕ್ಕಡಿ ಹಿಡಿದು ನಿಲ್ಲಲು ಇವರಾರು?

ಯಾಕೋಬನ ಪತ್ರದಲ್ಲಿ ರೋಗಿಗಾಗಿ ಸಭೆಯ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂದಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಅಲ್ಲಿ ಹಿರಿಯರು ರೋಗಿಯ ಮನೆಗೆ ಹೋಗುತ್ತಾರೆ. ರೋಗಿಯನ್ನು ವೇದಿಕೆಗೆ ಎಳೆತರುವುದಿಲ್ಲ. ಪ್ರಾರ್ಥಿಸುವ ಹೊಣೆ ಹಿರಿಯರದು. ಗುಣವಾಗದಿದ್ದರೆ ರೋಗಿಯನ್ನು ವಿಚಾರಣೆಗೆ ನಿಲ್ಲಿಸಿರೆಂಬ ಅಪ್ಪಣೆ ಅಲ್ಲೆಲ್ಲಿಯೂ ಇಲ್ಲ.

ಈ ಬೋಧೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷ್ಯ ಬೇಕಾದಷ್ಟಿದೆ. ಜಾನ್ ಅಲೆಗ್ಸಾಂಡರ್ ಡೌವಿ ಎಂಬವರು ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1901ರಲ್ಲಿ ಜಿಯಾನ್ ಎಂಬ ನಗರವನ್ನೇ ಕಟ್ಟಿದರು. ವೈದ್ಯರನ್ನೂ ಔಷಧಗಳನ್ನೂ ಸೈತಾನನ ಸಾಲಿಗೆ ಸೇರಿಸಿ ಪ್ರಸಂಗಿಸಿದವರು ಅವರು. 1902ರಲ್ಲಿ ಅವರ ಮಗಳೇ ಬೆಂಕಿಯ ಗಾಯದಿಂದ ತೀರಿಕೊಂಡಳು, 1905ರಲ್ಲಿ ಅವರಿಗೇ ಪಾರ್ಶ್ವವಾಯು ಬಡಿಯಿತು, 1907ರಲ್ಲಿ ಕಾಲವಾದರು. ಅವರ ದುಃಖವನ್ನು ನೋಡಿ ನಗುವುದು ನನ್ನ ಉದ್ದೇಶವಲ್ಲ. ಆದರೆ ಬೋಧಕನ ನಂಬಿಕೆಯೇ ಸಾಲದಾಯಿತೆಂದು ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆಯೇ? ಇದೇ ಅಮೆರಿಕದಲ್ಲಿ 1975ರಿಂದ 1995ರವರೆಗೆ ಧರ್ಮದ ಕಾರಣದಿಂದ ಚಿಕಿತ್ಸೆ ತಪ್ಪಿ ಸತ್ತ 172 ಮಕ್ಕಳ ವಿವರಗಳನ್ನು ಪರಿಶೀಲಿಸಿದ ವರದಿಯೊಂದು 1998ರಲ್ಲಿ ಪ್ರಕಟವಾಯಿತು. ಅವರಲ್ಲಿ 140 ಮಕ್ಕಳ ರೋಗಗಳು, ಚಿಕಿತ್ಸೆ ದೊರೆತಿದ್ದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬದುಕುವಂಥವು. ಹಾಲು ಹಲ್ಲಿನ ಮಕ್ಕಳ ನಂಬಿಕೆಯನ್ನೂ ತೂಗಿ ನೋಡಬೇಕೇ?

ಸಾಕ್ಷಿ ಹೇಳುವವರು ಸಾವಿರಾರು ಮಂದಿಯಿದ್ದಾರಲ್ಲ ಎನ್ನಬಹುದು. ಫ್ರಾನ್ಸಿನ ಲೂರ್ದ್ ಕ್ಷೇತ್ರವನ್ನು ನೋಡಿ. 1858ರಲ್ಲಿ ಬರ್ನಡೆಟ್ ಎಂಬ ಬಡ ಹುಡುಗಿ ಕಂಡ ದರ್ಶನದಿಂದ ಪ್ರಸಿದ್ಧವಾದ ಅಲ್ಲಿಗೆ ವರ್ಷವರ್ಷವೂ ಲಕ್ಷಾಂತರ ಯಾತ್ರಿಕರು ಹೋಗುತ್ತಾರೆ. ಗುಣವಾಯಿತೆಂದವರನ್ನು ಪರೀಕ್ಷಿಸಲು ಅಲ್ಲಿ 1883ರಿಂದ ವೈದ್ಯರ ಕಚೇರಿಯೇ ಇದೆ. ಹಳೆಯ ಕಾಗದಪತ್ರ ನೋಡಿ, ವರ್ಷಗಟ್ಟಲೆ ಕಾದು, ಮತ್ತೆ ಮತ್ತೆ ಪರೀಕ್ಷಿಸಿದ ಮೇಲೆ, ಇಷ್ಟು ದೀರ್ಘ ಕಾಲದಲ್ಲಿ ಕಥೋಲಿಕ ಸಭೆ ಪವಾಡವೆಂದು ಒಪ್ಪಿಕೊಂಡವು ಎಪ್ಪತ್ತರ ಆಸುಪಾಸು. ಪವಾಡವನ್ನು ನಂಬುವ ಸಭೆಯೇ ಇಷ್ಟು ಸಂಕೋಚದಿಂದ ಮಾತನಾಡುವಾಗ, ನಮ್ಮ ಒಂದು ಸಂಜೆಯ ಕೂಟದಲ್ಲಿ ನೂರು ಪವಾಡಗಳನ್ನು ಎಣಿಸುವವರ ಲೆಕ್ಕ ಯಾವುದು? ಬರ್ನಡೆಟ್ ಸ್ವತಃ ಕ್ಷಯದಿಂದ ನರಳಿ 1879ರಲ್ಲಿ, ತನ್ನ 35ನೆಯ ವಯಸ್ಸಿನಲ್ಲಿ, ಸತ್ತಳು. ಅವಳನ್ನು ಸಭೆ ಸಂತಳೆಂದು ಗೌರವಿಸುತ್ತದೆ; ನಂಬಿಕೆ ಸಾಲದವಳೆಂದು ದೂರುವುದಿಲ್ಲ.

ಕ್ರೈಸ್ತಧರ್ಮ ರೋಗಿಗೆ ಮಾಡಿದ ನಿಜವಾದ ಉಪಕಾರವನ್ನು ಕಾಣಬೇಕಾದರೆ ವೇದಿಕೆಯಿಂದ ಕಣ್ಣು ತೆಗೆದು ಬೇರೆ ಕಡೆ ನೋಡಬೇಕು. ಗಾಯಗೊಂಡವನನ್ನು ಕಂಡ ಸಮಾರ್ಯದವನು ಮಂತ್ರ ಹಾಕಲಿಲ್ಲ. ಗಾಯ ಕಟ್ಟಿದನು, ಛತ್ರಕ್ಕೆ ಒಯ್ದನು, ಖರ್ಚಿಗೆ ಹಣ ಕೊಟ್ಟನು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧ ಹಂಚತೊಡಗಿದ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರ ಮೊಮ್ಮಕ್ಕಳು ಈ ಪತ್ರಿಕೆಯ ವಾಚಕರಲ್ಲಿಯೂ ಇರಬಹುದು. ನಮ್ಮವರು ಇಂದಿಗೂ ರೈಲು ಹತ್ತಿ ಹೋಗುವ ವೆಲ್ಲೂರಿನ ಕಥೆಯನ್ನು ನೆನೆಯಿರಿ. 1890ರ ದಶಕದ ಒಂದು ರಾತ್ರಿ, ಹೆರಿಗೆಯ ಸಂಕಟದಲ್ಲಿದ್ದ ಹೆಂಡತಿಯರಿಗೆ ನೆರವು ಕೋರಿ ಮೂವರು ಗಂಡಂದಿರು ಒಬ್ಬೊಬ್ಬರಾಗಿ ಐಡಾ ಸ್ಕಡರ್ ಎಂಬ ತರುಣಿಯ ಮನೆಗೆ ಬಂದರು. ಆಕೆಯ ತಂದೆ ವೈದ್ಯರು. ಆದರೆ ಗಂಡಸು ವೈದ್ಯ ಬೇಡವೆಂದು ಮೂವರೂ ಹಿಂತಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಆ ರಾತ್ರಿ ಐಡಾ ಪ್ರಾರ್ಥಿಸಿದಳು. ಪ್ರಾರ್ಥನೆಗೆ ಆಕೆ ಕಂಡುಕೊಂಡ ಉತ್ತರ ವೈದ್ಯಕೀಯ ವಿದ್ಯೆ. ಕಲಿತು ಬಂದು 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಮಂಚದ ಚಿಕಿತ್ಸಾಲಯ ತೆರೆದಳು. 1918ರಲ್ಲಿ ಹೆಂಗಸರಿಗೆ ವೈದ್ಯಶಾಲೆ ಪ್ರಾರಂಭಿಸಿದಳು. ಸತ್ತ ಆ ಮೂವರ ನಂಬಿಕೆಯನ್ನು ಆಕೆ ಅಳೆಯಲು ಹೋಗಿದ್ದರೆ ವೆಲ್ಲೂರಿನ ಆಸ್ಪತ್ರೆ ಏಳುತ್ತಿತ್ತೇ?

ಇದನ್ನು ಓದಿ, ನೋಡಿ, ಕ್ರೈಸ್ತನೇ ಒಪ್ಪಿಕೊಂಡ ಎಂದು ಚಪ್ಪಾಳೆ ತಟ್ಟುವವರೂ ಇದ್ದಾರು. ಅವರಿಗೂ ಒಂದು ಮಾತು. ಹಾವು ಕಚ್ಚಿದವನನ್ನು ಮಂತ್ರವಾದಿಯ ಬಳಿ ಕೂರಿಸುವವರು, ಸಕ್ಕರೆ ಕಾಯಿಲೆಗೆ ತಾಯಿತ ಮಾರುವವರು ಯಾವ ಮತದಲ್ಲಿಲ್ಲ? ಮಾಂತ್ರಿಕ ಚಿಕಿತ್ಸೆಯ ಜಾಹೀರಾತುಗಳನ್ನು ತಡೆಯುವ ಕಾನೂನು ನಮ್ಮ ದೇಶದಲ್ಲಿ 1954ರಿಂದ ಇದೆ. ಅದು ಒಂದು ಮತದ ಮೇಲೆ ಎತ್ತಿದ ಬೆತ್ತವಲ್ಲ. ನೆರೆಯವನ ಅಂಗಳವನ್ನು ಗುಡಿಸಲು ಅವಸರಪಡುವವರು ಮೊದಲು ತಮ್ಮದನ್ನು ಗುಡಿಸಲಿ. ನಾನು ನನ್ನ ಅಂಗಳವನ್ನು ಗುಡಿಸುತ್ತಿದ್ದೇನೆ, ಅಷ್ಟೆ.

ಕೂಟ ನಡೆಸುವ ಮಹನೀಯರನ್ನು ನಾನು ಕೇಳುವುದು ಹೆಚ್ಚೇನಲ್ಲ. ವೈದ್ಯರ ಮಾತಿಲ್ಲದೆ ಯಾರೂ ಗುಳಿಗೆ ನಿಲ್ಲಿಸಬೇಡಿ ಎಂದು ಪ್ರತಿಯೊಂದು ಕೂಟದ ಆರಂಭದಲ್ಲಿ ಮೂರು ಸಲ ಸಾರಲಿ. ಗುಣವಾಯಿತೆಂದವರನ್ನು ಆರು ತಿಂಗಳ ಮೇಲೆ ವೈದ್ಯರ ಕಾಗದದೊಡನೆ ವೇದಿಕೆಗೆ ಕರೆಯಲಿ. ಅದಕ್ಕೆ ಮುಂಚೆ ಬೇಡ. ಗುಣವಾಗದವರ ಮನೆಗಳಿಗೆ ಹೋಗಿ, ತಪ್ಪು ನಿಮ್ಮದಲ್ಲ ಎಂದು ಹೇಳಿ, ಆಸ್ಪತ್ರೆಯ ಖರ್ಚಿಗೆ ಕಾಣಿಕೆಯ ಹಣದಲ್ಲಿ ಒಂದು ಪಾಲನ್ನು ಕೊಟ್ಟು ಬರಲಿ. ಇದೆಲ್ಲ ಗೊತ್ತಿದ್ದೂ ಭಾನುವಾರ ಬಾಯಿ ಬಿಡದ ನಮ್ಮ ಸಭಾಪಾಲಕರು ಇನ್ನಾದರೂ ಬಾಯಿ ಬಿಡಲಿ. ಇದರಲ್ಲಿ ಯಾವುದು ದೇವರಿಗೆ ವಿರುದ್ಧವೆಂದು ಬಲ್ಲವರು ಇದೇ ಪತ್ರಿಕೆಯಲ್ಲಿ ಬರೆದು ತಿಳಿಸಲಿ. ಓದಲು ನಾನು ಸಿದ್ಧನಿದ್ದೇನೆ.