ಜೂಜಿಗೂ ಒಬ್ಬ ಗುರು ಬೇಕೇ?

ಗುರುವನ್ನು ಆರಿಸುವಾಗ ಎಚ್ಚರವಿರಬೇಕು ಎಂಬ ಮಾತನ್ನು ನಾವು ಬಾಲ್ಯದಿಂದಲೇ ಕೇಳುತ್ತಾ ಬಂದವರು. ಮದ್ರಸದಲ್ಲಿ ಅಲಿಫ್ ಬಾ ಕಲಿಸಿದ ಉಸ್ತಾದರಿಂದ ಹಿಡಿದು ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯಲು ಕಲಿಸಿದ ಮೇಸ್ತ್ರಿಯವರೆಗೆ, ನಮ್ಮ ಬದುಕನ್ನು ರೂಪಿಸಿದ ಪ್ರತಿಯೊಂದು ಕೈಗೂ ನಾವು ಋಣಿಗಳು. ಈಗ ಅದೇ ಹಿತವಚನವು ಬೇರೊಂದು ವೇಷ ತೊಟ್ಟು ನಮ್ಮ ಯುವಕರ ಮೊಬೈಲಿನೊಳಗೆ ನುಸುಳಿದೆ. ಆನ್‌ಲೈನ್ ಪೋಕರ್‌ನಲ್ಲಿ ಸೋಲುತ್ತಿದ್ದರೆ ದೋಷ ಆಟದ್ದಲ್ಲ, ಸರಿಯಾದ ಮಾರ್ಗದರ್ಶಕನಿಲ್ಲದಿರುವುದೇ ದೋಷ ಎಂದು ಅದು ಹೇಳುತ್ತದೆ. ಅವನ ಗೆಲುವಿನ ದಾಖಲೆಯನ್ನು ಕೇಳಿ ನೋಡಿ, ನೀವು ಆಡುವ ಪಣದ ಮಟ್ಟದಲ್ಲಿಯೇ ಆಡಿದವನನ್ನು ಹುಡುಕಿ, ತಾಳ್ಮೆಯಿಂದ ತಿದ್ದುವವನೇ ಎಂದು ಪರೀಕ್ಷಿಸಿ, ಶುಲ್ಕವನ್ನು ಮೊದಲೇ ಮಾತಾಡಿಕೊಳ್ಳಿ ಎಂದು ಬುದ್ಧಿ ಹೇಳುತ್ತದೆ.

ಈ ಸಲಹೆಗಳಲ್ಲಿ ಒಂದೊಂದೂ ವಿವೇಕದ ಮಾತಿನಂತೆಯೇ ಕೇಳಿಸುತ್ತದೆ. ಅಪಾಯವಿರುವುದೂ ಅಲ್ಲಿಯೇ. ದಾರಿ ಯಾವುದು ಎಂಬ ಪ್ರಶ್ನೆಯನ್ನು ಮರೆಸಿ, ದಾರಿ ತೋರಿಸುವವನು ಎಂಥವನು ಎಂಬ ಚರ್ಚೆಯಲ್ಲಿ ನಮ್ಮನ್ನು ಮುಳುಗಿಸುವ ತಂತ್ರವಿದು. ಬಾವಿಗೆ ಹಾರುವವನಿಗೆ ಒಳ್ಳೆಯ ಹಗ್ಗದ ಅಂಗಡಿ ಯಾವುದೆಂದು ತಿಳಿಸುವುದನ್ನು ಯಾರೂ ಹಿತವಚನವೆನ್ನುವುದಿಲ್ಲ.

ಮೊದಲು ಲೆಕ್ಕವನ್ನು ನೋಡೋಣ; ಧರ್ಮದ ಮಾತು ಆಮೇಲೆ ಬರಲಿ. ಆರು ಮಂದಿ ತಲಾ ಸಾವಿರ ರೂಪಾಯಿ ಹಿಡಿದು ಒಂದು ಆನ್‌ಲೈನ್ ಮೇಜಿಗೆ ಕುಳಿತರೆಂದು ಭಾವಿಸಿರಿ. ಮೇಜಿನ ಮೇಲಿರುವುದು ಆರು ಸಾವಿರ. ಆಟ ನಡೆಸುವ ಕಂಪೆನಿಯು ಪ್ರತಿಯೊಂದು ಸುತ್ತಿನ ಪಣದ ರಾಶಿಯಿಂದ ತನ್ನ ಪಾಲನ್ನು ಕಡಿದುಕೊಳ್ಳುತ್ತದೆ. ಆಟಗಾರರ ಭಾಷೆಯಲ್ಲಿ ಇದಕ್ಕೆ 'ರೇಕ್' ಎಂದು ಹೆಸರು. ಸುತ್ತೊಂದರಲ್ಲಿ 200 ರೂಪಾಯಿ ಸೇರಿ, ಅದರಲ್ಲಿ ಶೇ. 5ರಂತೆ ಹತ್ತು ರೂಪಾಯಿ ಕಂಪೆನಿಗೆ ಹೋಯಿತೆನ್ನೋಣ. ಗಂಟೆಗೆ 60 ಸುತ್ತು ನಡೆದರೆ 600 ರೂಪಾಯಿ. ಹತ್ತು ಗಂಟೆಗಳಲ್ಲಿ ಆರು ಸಾವಿರ. ಅಂದರೆ ಆರು ಮಂದಿ ತಂದ ಹಣವೆಲ್ಲವೂ ಕಂಪೆನಿಯ ತಿಜೋರಿ ಸೇರಿತು. ಆಟ ಮುಂದುವರಿಯಬೇಕಾದರೆ ಯಾರಾದರೂ ಮನೆಯಿಂದ ಮತ್ತೆ ಹಣ ತರಲೇಬೇಕು.

ಈಗ ಈ ಆರು ಮಂದಿಯೂ ಒಬ್ಬೊಬ್ಬ ಮಾರ್ಗದರ್ಶಕನನ್ನು ನೇಮಿಸಿಕೊಂಡರೆಂದು ಊಹಿಸಿರಿ. ಎಲ್ಲರ ಆಟವೂ ಸುಧಾರಿಸಿತು. ಆದರೆ ಮೇಜಿನ ಮೇಲಿನ ಆರು ಸಾವಿರವು ಆರು ಸಾವಿರದ ಒಂದು ರೂಪಾಯಿಯೂ ಆಗಲಿಲ್ಲ. ಹೊಸದಾಗಿ ಸೇರಿದ್ದು ಆರು ಗುರುಗಳ ಶುಲ್ಕದ ಹೊರೆ ಮಾತ್ರ. ಬಡಗಿಯೊಬ್ಬನ ಬಳಿ ಆರು ಹುಡುಗರು ಕಲಿತರೆ ಊರಿನಲ್ಲಿ ಆರು ಮನೆಗಳಿಗೆ ಒಳ್ಳೆಯ ಬಾಗಿಲು ಬರುತ್ತದೆ. ವೈದ್ಯರೊಬ್ಬರ ಬಳಿ ಆರು ಮಂದಿ ಕಲಿತರೆ ರೋಗಿಗಳಿಗೆ ನೆರಳಾಗುತ್ತದೆ. ಶಿಷ್ಯರೆಲ್ಲರೂ ನಿಪುಣರಾದಾಗ ಯಾರಿಗೂ ಏನೂ ದಕ್ಕದ ವಿದ್ಯೆ, ಒಬ್ಬ ಶಿಷ್ಯನು ಗೆಲ್ಲಬೇಕಾದರೆ ಇನ್ನೊಬ್ಬನು ಅಜ್ಞಾನಿಯಾಗಿಯೇ ಉಳಿಯಬೇಕಾದ ವಿದ್ಯೆ, ವಿದ್ಯೆಯೆಂಬ ಹೆಸರಿಗೆ ಅರ್ಹವೇ?

ಹಾಗಾದರೆ ಪೋಕರ್ ಗುರುಗಳು ನಿಜಕ್ಕೂ ಏನನ್ನು ಕಲಿಸುತ್ತಾರೆ? ಸಂಭವನೀಯತೆಯ ಲೆಕ್ಕ, ಪಣದ ಪ್ರಮಾಣ, ಸಂಯಮ ಇವೆಲ್ಲ ಇವೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಬಹುತೇಕ ಎಲ್ಲ ಗುರುಗಳೂ ಒತ್ತಿ ಹೇಳುವ ಒಂದು ಪಾಠವಿದೆ: ಮೇಜನ್ನು ಆರಿಸಿಕೊ. ನಿನಗಿಂತ ದುರ್ಬಲರು ಕುಳಿತ ಮೇಜನ್ನು ಹುಡುಕು. ಅಂಥ ದುರ್ಬಲ ಆಟಗಾರನಿಗೆ ಆ ಲೋಕದಲ್ಲಿ 'ಫಿಶ್', ಅಂದರೆ ಮೀನು ಎಂದು ಹೆಸರು. ಸೋತು ಸಿಟ್ಟಿಗೆದ್ದು ವಿವೇಕ ಕಳಕೊಂಡು ಆಡುವವನ ಸ್ಥಿತಿಗೆ 'ಟಿಲ್ಟ್' ಎನ್ನುತ್ತಾರೆ. ಅಂಥವನು ಎದುರಿಗಿದ್ದರೆ ಎದ್ದು ಹೋಗಬಾರದೆಂಬುದು ಅಲ್ಲಿನ ಜಾಣತನ. ಆ ಮೀನು ಯಾರು? ಸಂಬಳದ ದಿನ ರಾತ್ರಿ ದಣಿದು ಬಂದ ಡ್ರೈವರ್ ಆಗಿರಬಹುದು. ಗಲ್ಫಿನ ಕೋಣೆಯಲ್ಲಿ ಮನೆಯ ನೆನಪನ್ನು ಮರೆಯಲು ಮೊಬೈಲ್ ತೆರೆದ ಯುವಕನಾಗಿರಬಹುದು. ತಂಗಿಯ ಮದುವೆಗೆ ಕೂಡಿಟ್ಟ ಹಣವನ್ನು ಕಳಕೊಂಡು, ಅದನ್ನು ಇವತ್ತೇ ಮರಳಿ ಪಡೆಯಬೇಕೆಂದು ಒದ್ದಾಡುವ ಅಣ್ಣನಾಗಿರಬಹುದು. ಪರದೆಯ ಮೇಲೆ ಅವನ ಮುಖ ಕಾಣುವುದಿಲ್ಲ. ಒಂದು ಹೆಸರು ಮತ್ತು ಒಂದು ಮೊತ್ತ ಮಾತ್ರ ಕಾಣುತ್ತದೆ. ದುರ್ಬಲನನ್ನು ಕಂಡಾಗ ಕೈ ಹಿಡಿಯಬೇಕೆಂದು ಕಲಿಸಿದ ಧರ್ಮದ ಅನುಯಾಯಿಗಳು, ದುರ್ಬಲನನ್ನು ಕಂಡಾಗ ಪಣ ಏರಿಸಬೇಕೆಂದು ಕಲಿಸುವವನ ಪಾದದ ಬಳಿ ಹೇಗೆ ಕುಳಿತಾರು?

ಗುರುವಿನ ಆದಾಯದ ಮೂಲವನ್ನೂ ವಿಚಾರಿಸಬೇಕಾಗಿದೆ. ಕೆಲವರು ಗಂಟೆಗಿಷ್ಟೆಂದು ಶುಲ್ಕ ಪಡೆಯುತ್ತಾರೆ. ಕೆಲವರು ಶಿಷ್ಯನ ಗೆಲುವಿನಲ್ಲಿ ಪಾಲು ಕೇಳುತ್ತಾರೆ. ಇನ್ನು ಕೆಲವರು ಬಂಡವಾಳವನ್ನೂ ತಾವೇ ಹೂಡುತ್ತಾರೆ. ಆಗ ಸೋತ ಮೊತ್ತವು ಶಿಷ್ಯನ ಲೆಕ್ಕದಲ್ಲಿ ಮುಂದುವರಿಯುತ್ತದೆ, ಅದನ್ನು ಗೆದ್ದು ತುಂಬುವವರೆಗೂ ಅವನಿಗೆ ಲಾಭದಲ್ಲಿ ಪಾಲಿಲ್ಲ. ಆಟಗಾರರನ್ನು ತಂದುಕೊಟ್ಟವರಿಗೆ ಕಂಪೆನಿಗಳು ರೇಕಿನಲ್ಲಿ ಪಾಲು ನೀಡುವ ಪದ್ಧತಿಯೂ ಈ ವ್ಯವಹಾರದಲ್ಲಿ ಬೆಳೆದು ಬಂದಿದೆ. ಅಂಥ ಪಾಲು ಪಡೆಯುವ ಗುರುವಿಗೆ ಶಿಷ್ಯ ಗೆದ್ದರೂ ಲಾಭ, ಸೋತರೂ ಲಾಭ. ಶಿಷ್ಯ ಆಟವನ್ನು ಬಿಟ್ಟರೆ ಮಾತ್ರ ನಷ್ಟ. ತನ್ನನ್ನು ಬಿಟ್ಟು ಹೋಗಲು ಶಿಷ್ಯ ಶಕ್ತನಾಗಲಿ ಎಂದು ಹಾರೈಸುವವನು ಗುರು. ಎಂದಿಗೂ ಬಿಟ್ಟು ಹೋಗದಿರಲಿ ಎಂದು ಬಯಸುವವನು ವ್ಯಾಪಾರಿ.

ಈ ಹುಚ್ಚು ಹಬ್ಬಿದ ಬಗೆಯನ್ನು ಬಲ್ಲವರಿಗೆ ನಮ್ಮ ಮಾತು ಉತ್ಪ್ರೇಕ್ಷೆಯೆನಿಸದು. 2003ರಲ್ಲಿ ಅಮೆರಿಕದ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ 86 ಡಾಲರ್‌ಗಳ ಆನ್‌ಲೈನ್ ಪಂದ್ಯದ ಮೂಲಕ ಲಾಸ್ ವೇಗಸ್‌ನ ಪೋಕರ್ ವಿಶ್ವ ಸರಣಿಗೆ ಪ್ರವೇಶ ಪಡೆದು 25 ಲಕ್ಷ ಡಾಲರ್ ಗೆದ್ದರು. ಆ ವರ್ಷ ಮುಖ್ಯ ಪಂದ್ಯದಲ್ಲಿ ಆಡಿದವರು 839 ಮಂದಿ. 2006ರಲ್ಲಿ ಆ ಸಂಖ್ಯೆ 8,773ಕ್ಕೇರಿತು. ಒಬ್ಬನ ಗೆಲುವು ಜಗತ್ತಿಗೆ ಕಂಡಿತು. ಆ ಗೆಲುವಿಗೆ ಹಣ ಸುರಿದವರ ಸೋಲು ಯಾರಿಗೂ ಕಾಣಲಿಲ್ಲ. ಜನ ಸೇರಿದಲ್ಲಿ ಗುರುಗಳೂ ಸೇರಿದರು. ಫುಲ್ ಟಿಲ್ಟ್ ಪೋಕರ್ ಎಂಬ ತಾಣವು ಹೆಸರಾಂತ ಆಟಗಾರರಿಂದ ಕಲಿಯಿರಿ, ಅವರೊಂದಿಗೆ ಆಡಿರಿ ಎಂದೇ ಜನರನ್ನು ಕರೆಯುತ್ತಿತ್ತು. ಅದರ ಪ್ರಮುಖರಲ್ಲೊಬ್ಬರಾದ ಹೊವರ್ಡ್ ಲೆಡರರ್ ಅವರಿಗೆ 'ಪ್ರೊಫೆಸರ್' ಎಂಬ ಅಡ್ಡಹೆಸರೇ ಇತ್ತು.

2011ರ ಏಪ್ರಿಲ್ 15ರಂದು ಅಮೆರಿಕ ಸರಕಾರ ಆ ತಾಣವೂ ಸೇರಿದಂತೆ ದೊಡ್ಡ ಪೋಕರ್ ತಾಣಗಳ ಮೇಲೆ ಮೊಕದ್ದಮೆ ಹೂಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸರಕಾರಿ ವಕೀಲರು ಮಾಡಿದ ಆರೋಪ ಹೀಗಿತ್ತು: ಫುಲ್ ಟಿಲ್ಟ್ ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು ಸುಮಾರು ಆರು ಕೋಟಿ, ಒಡೆಯರಿಗೆ ಹಂಚಿ ಹೋದದ್ದು 44 ಕೋಟಿಗೂ ಅಧಿಕ. ಲೆಡರರ್ ತಪ್ಪೊಪ್ಪಿಕೊಳ್ಳದೆಯೇ ಸರಕಾರದೊಂದಿಗೆ ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡರು. 2016ರಲ್ಲಿ ಪೋಕರ್ ಆಟಗಾರರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅಮೆರಿಕದ ಆಟಗಾರರಿಗೆ ಹಣ ಮರಳತೊಡಗಿದ್ದು 2014ರಲ್ಲಿ. ಗುರುವನ್ನು ಎಚ್ಚರದಿಂದ ಆರಿಸಿ ಎನ್ನುವವರಿಗೆ ನಮ್ಮ ಪ್ರಶ್ನೆ: ಆ ಕಾಲದಲ್ಲಿ ಇವರಿಗಿಂತ ಹೆಚ್ಚು ದಾಖಲೆ, ಹೆಚ್ಚು ಖ್ಯಾತಿ ಇದ್ದ ಗುರುಗಳು ಯಾರಿದ್ದರು?

ಪೋಕರ್ ಅದೃಷ್ಟದ ಆಟವಲ್ಲ, ಕೌಶಲದ ಆಟ. ಆದ್ದರಿಂದ ಜೂಜಲ್ಲ ಎಂಬ ವಾದವೂ ಇದೆ. ಕೌಶಲ ಇದೆಯೆಂಬುದನ್ನು ನಾವು ಒಪ್ಪುತ್ತೇವೆ. 2017ರಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮವು 20 ದಿನಗಳಲ್ಲಿ ನಡೆದ 1,20,000 ಸುತ್ತುಗಳಲ್ಲಿ ನಾಲ್ವರು ವೃತ್ತಿಪರರನ್ನು ಸೋಲಿಸಿತು. ಬರಿಯ ಅದೃಷ್ಟದಿಂದ ಅದು ಸಾಧ್ಯವಿರಲಿಲ್ಲ. ಆದರೆ ಕೌಶಲವೇ ನಿಮ್ಮ ಸಮರ್ಥನೆಯಾದರೆ, ನಿಮ್ಮ ಗುರುವಿಗಿಂತ ದೊಡ್ಡ ಗುರು ಈಗ ಯಂತ್ರ. ಪರದೆಯ ಆಚೆ ಕುಳಿತಿರುವುದು ಮನುಷ್ಯನೋ, ಯಂತ್ರದ ಗುಟ್ಟಿನ ನೆರವು ಪಡೆದವನೋ ಎಂದು ನಿಮಗೆ ತಿಳಿಯದು. ಇನ್ನು ಕಾನೂನಿನ ವಿಷಯ. ಕರ್ನಾಟಕ ಸರಕಾರ 2021ರಲ್ಲಿ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ-ಅದೃಷ್ಟಗಳ ಭೇದವಿಲ್ಲದೆ ಅಂಥ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ನೆಲದ ಕಾನೂನನ್ನು ಗೌರವಿಸುವುದು ನಮ್ಮ ಕರ್ತವ್ಯ. ಆದರೆ ಕಾನೂನು ಸಡಿಲಗೊಂಡ ದಿನ ಸತ್ಯವಿಶ್ವಾಸಿಯ ಮನಸ್ಸಾಕ್ಷಿಯೂ ಸಡಿಲಗೊಳ್ಳಬಾರದು.

ಏಕೆಂದರೆ ಪವಿತ್ರ ಕುರ್‌ಆನ್ ಜೂಜನ್ನು ನಿಷೇಧಿಸಿದ್ದು ಅದರಲ್ಲಿ ಪ್ರಯೋಜನವೇ ಇಲ್ಲವೆಂದು ಹೇಳಿ ಅಲ್ಲ. ಅಲ್ ಬಕರ ಅಧ್ಯಾಯದ 219ನೇ ಸೂಕ್ತವು ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಲಾಭಗಳಿರುವುದನ್ನು ಒಪ್ಪುತ್ತದೆ. ಆದರೆ ಅವುಗಳ ಪಾಪವು ಲಾಭಕ್ಕಿಂತ ದೊಡ್ಡದೆಂದು ತಿಳಿಸುತ್ತದೆ. ಆ ಲಾಭ ಯಾವುದಾಗಿತ್ತು? ಅಜ್ಞಾನ ಕಾಲದ ಅರಬರ 'ಮೈಸಿರ್' ಆಟವನ್ನು ವ್ಯಾಖ್ಯಾನಕಾರರು ಹೀಗೆ ವಿವರಿಸುತ್ತಾರೆ: ಒಂಟೆಯೊಂದನ್ನು ಕಡಿದು ಪಾಲು ಮಾಡುತ್ತಿದ್ದರು, ಹತ್ತು ಬಾಣಗಳಲ್ಲಿ ಏಳಕ್ಕೆ ಪಾಲಿತ್ತು, ಮೂರು ಬರಿದಾಗಿದ್ದವು, ಸೋತವರು ಒಂಟೆಯ ಬೆಲೆ ತೆರುತ್ತಿದ್ದರು. ಗೆದ್ದವರು ಆ ಮಾಂಸವನ್ನು ಬಡವರಿಗೆ ಹಂಚುತ್ತಿದ್ದರು, ಅದನ್ನು ಔದಾರ್ಯದ ಲಕ್ಷಣವೆಂದು ಹೆಮ್ಮೆಪಡುತ್ತಿದ್ದರು. ಹಸಿದವರ ಹೊಟ್ಟೆ ತುಂಬಿಸುತ್ತಿದ್ದ ಆ ಜೂಜನ್ನೂ ಇಸ್ಲಾಮ್ ನಿಷೇಧಿಸಿತು. ಹಾಗಿರುವಾಗ ಕಂಪೆನಿಯ ತಿಜೋರಿಯನ್ನು ತುಂಬಿಸುವ ಜೂಜಿಗೆ ಯಾವ ರಿಯಾಯಿತಿ? ಅಲ್ ಮಾಇದ ಅಧ್ಯಾಯದ 91ನೇ ಸೂಕ್ತವು ನಿಷೇಧದ ಕಾರಣವನ್ನೂ ತಿಳಿಸುತ್ತದೆ: ಶೈತಾನನು ಇವುಗಳ ಮೂಲಕ ಮನುಷ್ಯರ ನಡುವೆ ಹಗೆತನ, ದ್ವೇಷಗಳನ್ನು ಬಿತ್ತಿ, ಅಲ್ಲಾಹನ ಸ್ಮರಣೆಯಿಂದಲೂ ನಮಾಝ್‌ನಿಂದಲೂ ತಡೆಯಲು ಬಯಸುತ್ತಾನೆ. ಇಶಾ ನಮಾಝ್ ಮುಗಿಸಿ ಆಟಕ್ಕೆ ಕುಳಿತು ಫಜ್ರ್ ಅಝಾನ್ ಕೇಳಿದರೂ ಏಳದವನಿಗೆ ಈ ಸೂಕ್ತದ ವ್ಯಾಖ್ಯಾನ ಬೇಕಾಗಿಲ್ಲ.

ಉಭಯ ಸಮ್ಮತಿಯಿಂದ ಆಡುತ್ತೇವಲ್ಲ ಎನ್ನುವವರೂ ಇದ್ದಾರೆ. ಕುರ್‌ಆನ್ ಪರಸ್ಪರ ಒಪ್ಪಿಗೆಯ ಮಾತನ್ನು ಹೇಳಿದ್ದು ವ್ಯಾಪಾರದ ಕುರಿತು. ವ್ಯಾಪಾರದಲ್ಲಿ ಒಬ್ಬನಿಗೆ ಅಕ್ಕಿ, ಇನ್ನೊಬ್ಬನಿಗೆ ಹಣ. ಇಬ್ಬರೂ ಪಡೆದುಕೊಂಡೇ ಮನೆಗೆ ಹೋಗುತ್ತಾರೆ. ಜೂಜಿನಲ್ಲಿ ಪ್ರತಿಯೊಬ್ಬನೂ ಒಪ್ಪುವುದು ತಾನು ಗೆಲ್ಲುವೆನೆಂಬ ನಂಬಿಕೆಯಿಂದ. ಸೋಲಲು ಒಪ್ಪಿ ಕುಳಿತವನು ಒಬ್ಬನೂ ಇಲ್ಲ. ಪ್ರವಾದಿ ಮುಹಮ್ಮದ್(ಸ)ರವರು ಜೂಜಾಡೋಣ ಬಾ ಎಂದು ಸಂಗಾತಿಯನ್ನು ಕರೆದವನಿಗೂ ದಾನ ನೀಡುವಂತೆ ಆದೇಶಿಸಿದ್ದಾರೆ. ಬಾಯಿ ಮಾತಿನ ಆಹ್ವಾನಕ್ಕೇ ಪ್ರಾಯಶ್ಚಿತ್ತವಿದ್ದರೆ, ಪಾಠ ಹೇಳಿ ಶುಲ್ಕ ಪಡೆಯುವವನ ಹೊಣೆ ಎಷ್ಟಿರಬಹುದು?

ನೆರೆಯ ಪರಂಪರೆಯ ಅನುಭವವೂ ಭಿನ್ನವಲ್ಲ. ಋತುಪರ್ಣನಿಂದ ಪಗಡೆಯ ರಹಸ್ಯ ಕಲಿತ ನಳನು ರಾಜ್ಯವನ್ನು ಮರಳಿ ಗೆದ್ದನೆಂದು ಮಹಾಭಾರತ ಹೇಳುತ್ತದೆ, ನಿಜ. ಆದರೆ ಕಾಡಿನಲ್ಲಿ ಒಂಟಿಯಾದ ದಮಯಂತಿಯ ಕಣ್ಣೀರನ್ನು ಯಾವ ದಾಳವೂ ಮರಳಿ ಗೆಲ್ಲಲಿಲ್ಲ. ಇಂದು ಕೂಡ ಆಟಗಾರ ಒಬ್ಬನೇ ಕುಳಿತಿರುತ್ತಾನೆ, ಸೋಲುವುದು ಮನೆಮಂದಿಯೆಲ್ಲ.

ಇಷ್ಟು ಹೇಳಿ ನಾವು ಕೈ ತೊಳೆದುಕೊಂಡರೆ ಅದು ಪ್ರಾಮಾಣಿಕತೆಯಾಗದು. ನಮ್ಮ ಯುವಕ ಜೂಜಿನ ಗುರುವನ್ನು ಹುಡುಕಿಕೊಂಡು ಹೋದದ್ದು ಏಕೆ? ಬೇರೆ ಗುರು ಸಿಗದ ಕಾರಣದಿಂದಲೂ ಅಲ್ಲವೇ? ಪದವಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕುಳಿತವನನ್ನು ನಮ್ಮ ಜಮಾಅತಿನಲ್ಲಿ ಯಾರು ವಿಚಾರಿಸಿದರು? ಸಂಭವನೀಯತೆಯ ಲೆಕ್ಕದಲ್ಲಿ ಅಷ್ಟು ಚುರುಕಾದ ಬುದ್ಧಿಗೆ ಲೆಕ್ಕಪತ್ರ, ವಿಮಾಶಾಸ್ತ್ರ, ದತ್ತಾಂಶ ವಿಜ್ಞಾನಗಳ ಬಾಗಿಲನ್ನು ಯಾರು ತೋರಿಸಿದರು? ಖುತ್ಬಾದಲ್ಲಿ ಜೂಜು ಹರಾಮ್ ಎಂದು ಕೇಳಿದ ಹುಡುಗನಿಗೆ, ಹಲಾಲ್ ದುಡಿಮೆಯ ವಿಳಾಸವನ್ನೂ ಅದೇ ಮಸೀದಿಯ ಅಂಗಳದಲ್ಲಿ ಯಾರಾದರೂ ಹೇಳಬೇಕಿತ್ತು. ಸ್ವಂತ ಕೈಯ ದುಡಿಮೆಯಿಂದ ಉಣ್ಣುವ ಅನ್ನಕ್ಕಿಂತ ಉತ್ತಮವಾದ ಅನ್ನವಿಲ್ಲವೆಂದು ಪ್ರವಾದಿ(ಸ) ಕಲಿಸಿದರು. ಆ ಕೈಗಳಿಗೆ ಕೆಲಸ ಕಲಿಸುವ ಗುರುಗಳನ್ನು ಒದಗಿಸುವುದು ಸಮುದಾಯದ ಹಿರಿಯರ ಹೊಣೆ.

ಈಗಾಗಲೇ ಸಿಲುಕಿಕೊಂಡವರಿಗೆ ನಮ್ಮ ಮಾತು ಬೇರೆ. ಸಹೋದರರೇ, ನಿಮ್ಮನ್ನು ಅವಮಾನಿಸುವುದು ನಮ್ಮ ಉದ್ದೇಶವಲ್ಲ. ಸೋತದ್ದನ್ನು ಗೆದ್ದು ತುಂಬಿದ ಮೇಲೆ ಬಿಡುತ್ತೇನೆ ಎನ್ನಬೇಡಿ. ಆ ಮಾತೇ ಬಲೆಯ ಕೊನೆಯ ಗಂಟು. ಸಾಲದ ಲೆಕ್ಕವನ್ನು ಇವತ್ತೇ ತಂದೆಯ ಅಥವಾ ಮಡದಿಯ ಮುಂದೆ ಇಡಿ. ಇದು ಮನಸ್ಸನ್ನು ಹಿಡಿಯುವ ರೋಗವೂ ಹೌದೆಂದು ವೈದ್ಯಶಾಸ್ತ್ರ ಗುರುತಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಚಟಕ್ಕೆಂದೇ 2014ರಿಂದ ಚಿಕಿತ್ಸಾಲಯವಿದೆ. ಹೋಗಲು ನಾಚಿಕೊಳ್ಳಬೇಡಿ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವನೂ ಒಬ್ಬನೆಂಬುದನ್ನು ಜಮಾಅತಿನ ಹಿರಿಯರು ನೆನಪಿಡಲಿ. ಪಶ್ಚಾತ್ತಾಪಪಟ್ಟು ಮರಳಿದವನಿಗೆ ಬಾಗಿಲು ಮುಚ್ಚದಿರಲಿ.

ಮನುಷ್ಯನು ತನ್ನ ಮಿತ್ರನ ಧರ್ಮದಲ್ಲಿರುತ್ತಾನೆ, ಆದ್ದರಿಂದ ಯಾರೊಂದಿಗೆ ಮೈತ್ರಿ ಬೆಳೆಸುತ್ತೇವೆಂದು ನೋಡಿಕೊಳ್ಳಬೇಕು ಎಂಬುದು ಪ್ರವಾದಿ(ಸ)ರ ಉಪದೇಶ. ಮಿತ್ರನ ವಿಷಯವೇ ಹೀಗಾದರೆ ಗುರುವಿನ ವಿಷಯ ಹೇಳಬೇಕೆ? ನಾಳೆ ಪರಲೋಕದಲ್ಲಿ ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಯಾವುದಕ್ಕೆ ಖರ್ಚು ಮಾಡಿದೆ ಎಂಬ ಎರಡು ಪ್ರಶ್ನೆಗಳಿವೆ. ಆ ದಿನ ನಮ್ಮ ಪರವಾಗಿ ಉತ್ತರಿಸಲು ಯಾವ ಕೋಚ್ ಕೂಡ ಬರಲಾರ. ಆ ಎರಡು ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸಿಕೊಳ್ಳಲು ನೆರವಾಗುವವನನ್ನೇ ಗುರುವಾಗಿ ಆರಿಸಿಕೊಳ್ಳೋಣ.